ಕುರಿ ಎಣಿಸ್ತೀವಿ, ಜನ ಎಣಿಸಲ್ಲ



ಶಿವರಾತ್ರಿ ಆಯ್ತು. ಹಗಲು ಹನ್ನೊಂದಾದ್ರೆ ಹೊಲದಲ್ಲಿ ನಿಲ್ಲೋಕೆ ಆಗ್ತಿಲ್ಲ. ವರವು ಕಾವಲ್ ಕಡೆ ನೋಡಿದ್ರೆ ಹುಲ್ಲೆಲ್ಲ ಒಣಗಿ ಗೋಧಿ ಬಣ್ಣಕ್ಕೆ ತಿರುಗೈತೆ. ಮಧ್ಯಾಹ್ನದ ಮೇಲೆ ಗಾಳಿ ಬೇರೆ. ಶೇಂಗಾ ಹೊಟ್ಟು, ಸಜ್ಜೆ ಸೊಪ್ಪೆ, ರಾಗಿ ಹುಲ್ಲು ಎಲ್ಲ ಬಣವೆ ಹಾಕಿ ಮುಗಿದೈತೆ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆ ಅಂದ್ರೆ ರಾಜ್ಯದಲ್ಲೇ ಕಡಿಮೆ ಮಳೆ ಬೀಳೋ ಸೀಮೆ. ಮುಂಗಾರು ಬಂದು ಹಸಿರು ಕಾಣೋ ತನಕ ನಮ್ಮ ದನ ಕುರಿ ಬದುಕೋದು ಆ ಬಣವೆ ಮೇಲೆ.

ಇವತ್ತಿನ ಬರಹ ಬೆಳೆ ಬಗ್ಗೆ ಅಲ್ಲ, ಗೊಬ್ಬರದ ಬಗ್ಗೆ ಅಲ್ಲ. ಬೆಂಕಿ ಬಿದ್ದಾಗ ಓಡಿ ಬರೋ ಜನನ, ಟ್ರ್ಯಾಕ್ಟರನ್ನ, ನೀರನ್ನ ಹೆಂಗೆ ಬಳಸಬೇಕು ಅನ್ನೋದರ ಬಗ್ಗೆ. ಸ್ವಲ್ಪ ಉದ್ದ ಐತೆ, ಪುರುಸೊತ್ತು ಮಾಡ್ಕೊಂಡು ಓದಿ.

ಮೊದಲು ಒಂದು ಲೆಕ್ಕ. ನಮ್ಮ ಹಟ್ಟಿಯಲ್ಲಿ ಸುಮಾರು 90 ಮನೆ. ಟ್ರ್ಯಾಕ್ಟರ್ 11, ನೀರಿನ ಟ್ಯಾಂಕರ್ 3, ಡ್ರಮ್ಮು ಪೈಪು ಸಮೇತ ಪವರ್ ಸ್ಪ್ರೇಯರ್ 6. ಬೆನ್ನಿಗೆ ಹಾಕೋ ಔಷಧಿ ಕ್ಯಾನ್ ಹೆಚ್ಚು ಕಡಿಮೆ ಮನೆಗೊಂದು. ಕುರಿ ಇರೋ ಮನೆಯಲ್ಲಿ ಕಂಬಳಿಗೆ ಬರ ಇಲ್ಲ. ಗೋಣಿಚೀಲ, ಸಲಿಕೆ, ಗುದ್ದಲಿ ಲೆಕ್ಕಕ್ಕಿಲ್ಲ. ಕೂಗು ಹಾಕಿದ್ರೆ ಹತ್ತು ನಿಮಿಷದಲ್ಲಿ 60 ಜನ ಸೇರ್ತಾರೆ. ಅಂದ್ರೆ ನಮಗೆ ಜನಕ್ಕಾಗಲಿ ಸಾಮಾನಿಗಾಗಲಿ ಕೊರತೆ ಇಲ್ಲ. ಆದ್ರೂ ಹೋದ ವರ್ಷ ಏನಾಯ್ತು, ಕೇಳಿ.

ಯುಗಾದಿಗೆ ಇನ್ನೂ ಹದಿನೈದು ದಿನ ಇತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ಹಟ್ಟಿ ಮೂಡಲ ಕಡೆ ಬದುವಿನ ಹುಲ್ಲಿಗೆ ಬೆಂಕಿ ಹತ್ತಿತು. ಬೀಡಿ ಕಿಡಿಯೋ, ಬೇರೆ ಇನ್ನೇನೋ, ಆ ವಿಚಾರ ಇಲ್ಲಿ ಬೇಡ. 112ಕ್ಕೆ ಫೋನ್ ಹೋಯ್ತು. ಪೇಟೆಯಿಂದ ಬೆಂಕಿ ಗಾಡಿ ನಮ್ಮ ಹಟ್ಟಿಗೆ ಬರಬೇಕಂದ್ರೆ ಮುಕ್ಕಾಲು ಗಂಟೆ. ಅದು ಅವರ ತಪ್ಪಲ್ಲ, ದೂರ ಹಂಗೈತೆ, ರಸ್ತೆ ಹಂಗೈತೆ. ಆ ಮುಕ್ಕಾಲು ಗಂಟೆ ಊರಿನವರದ್ದೇ.

ಎಲ್ಲರೂ ಓಡಿದರು. ಏಳು ಟ್ರ್ಯಾಕ್ಟರ್ ಹೊರಟವು. ಬಣವೆಗಳ ಹತ್ತಿರ ಹೋಗೋಕೆ ಇರೋದು ಒಂದೇ ಬಂಡಿ ಜಾಡು, ಎರಡೂ ಕಡೆ ಕಳ್ಳಿ ಬೇಲಿ. ಮೊದಲು ನುಗ್ಗಿದ ಎರಡು ಗಾಡಿ ಬರೀ ಇಂಜಿನ್, ಹಿಂದೆ ಏನೂ ಇಲ್ಲ. ಮೂರನೆಯದು ಟ್ರೇಲರ್ ತುಂಬ ಜನ. ನೀರಿನ ಟ್ಯಾಂಕರ್ ಐದನೆಯದು. ಕಲ್ಟಿವೇಟರ್ ಕಟ್ಟಿದ್ದ ಗಾಡಿ ಎಲ್ಲಕ್ಕಿಂತ ಕೊನೆಗೆ. ಬೆಂಕಿ ಮುಂದೆ ನೆಲ ಉತ್ತು ಕರೆ ಮಣ್ಣು ಮೇಲೆ ತರಬೇಕಾದ ಗಾಡಿ ಅದೇ. ಮುಂದಿನವರು ಹಿಂದಕ್ಕೆ ಬರೋ ಹಂಗಿಲ್ಲ, ಹಿಂದಿನವರು ಮುಂದಕ್ಕೆ ಹೋಗೋ ಹಂಗಿಲ್ಲ.

ಜನ ಎಲ್ಲಿ ಹೋದರು? ಉರಿ ಎಲ್ಲಿ ಜಾಸ್ತಿ ಇತ್ತೋ ಅಲ್ಲಿಗೆ. ಮೊದಲ ಬಣವೆ ಆಗಲೇ ನೆತ್ತಿವರೆಗೂ ಹತ್ತಿಕೊಂಡಿತ್ತು, ಅದು ಹೋದ ಬಣವೆ. 60 ಜನನೂ ಅದರ ಸುತ್ತಲೇ. ಟ್ಯಾಂಕರ್ ಕೊನೆಗೂ ಬಂದಾಗ ದೊಡ್ಡ ವಾಲ್ವ್ ತಿರುಗಿಸಿ ಅದರ ಬುಡಕ್ಕೇ ನೀರು ಬಿಟ್ಟರು. ಹತ್ತು ನಿಮಿಷದಲ್ಲಿ 4,000 ಲೀಟರ್ ಖಾಲಿ. ಅಷ್ಟೊತ್ತಿಗೆ ಗಾಳಿ ಬೆಂಕಿಯನ್ನ ಪಡುವಲಿಗೆ ತಳ್ಳಿತ್ತು. ಆ ಕಡೆ ಇನ್ನೂ ಮೂರು ಬಣವೆ, ಒಂದು ಕುರಿ ರೊಪ್ಪ. ಆ ಕಡೆ ಇದ್ದವರು ಒಬ್ಬ ಅಜ್ಜ ಮಾತ್ರ. ಆ ಅಜ್ಜ ರೊಪ್ಪದ ಮುಳ್ಳು ಎಳೆದು ಕುರಿ ಹೊರಗೆ ಹೊಡೆದ. ನಾಲ್ಕು ಮರಿ ಒಳಗೇ ಉಳಿದವು.

ಇಷ್ಟೇ ಆಗಿದ್ರೆ ನಷ್ಟ ಅಂತ ಸುಮ್ಮನಾಗ್ತಿದ್ವಿ. ಬೆಂಕಿ ಗಾಡಿ ಬಂತು, ಉಳಿದದ್ದು ಆರಿತು, ಜನ ಮನೆ ಕಡೆ ಹೊರಟರು. ಆಗ ಒಬ್ಬ ಹೆಣ್ಣುಮಗಳು ದಾರಿಯಲ್ಲಿ ನಿಂತು ಒಬ್ಬೊಬ್ಬರನ್ನೇ ಕೇಳೋಕೆ ಶುರು ಮಾಡಿದಳು, "ಅಣ್ಣಾ, ನಮ್ಮ ಹುಡುಗನ್ನ ನೋಡಿದ್ರಾ?"

ಹುಡುಗನಿಗೆ ಹದಿನೇಳು, ಪಿಯುಸಿ ಓದ್ತಿದ್ದ. ಒಬ್ಬ ಹೇಳಿದ, ನೀರು ತರೋಕೆ ಹೋದ ಅಂತ. ಇನ್ನೊಬ್ಬ ಹೇಳಿದ, ಟ್ರೇಲರ್ ಹತ್ತಿ ಮನೆಗೆ ಹೋದ ಅಂತ. ಮತ್ತೊಬ್ಬ, ನಾನು ಅವನನ್ನ ನೋಡೇ ಇಲ್ಲ ಅಂದ. ಯಾರೂ ಸುಳ್ಳು ಹೇಳಲಿಲ್ಲ, ಯಾರಿಗೂ ಗೊತ್ತಿರಲಿಲ್ಲ ಅಷ್ಟೆ. ಕತ್ತಲಾಗ್ತಾ ಇತ್ತು. ಸುಟ್ಟು ಕರಕಲಾದ ನೆಲದ ಮೇಲೆ ಮೊಬೈಲ್ ಬ್ಯಾಟರಿ ಹಿಡಿದು ಹುಡುಕಿದ್ವಿ. ನಲವತ್ತು ನಿಮಿಷ ಆದ ಮೇಲೆ ಬದುವಿನ ಆಚೆ ಜಾಲಿ ಗಿಡದ ಬುಡದಲ್ಲಿ ಸಿಕ್ಕ. ಹೊಗೆ ಕುಡಿದು ವಾಂತಿ ಮಾಡ್ಕೊಂಡು, ಎದ್ದು ನಿಲ್ಲೋಕೂ ಆಗದೆ ಬಿದ್ದಿದ್ದ. ಎರಡು ದಿನ ಆಸ್ಪತ್ರೆಯಲ್ಲಿ ಇದ್ದು ಹುಷಾರಾಗಿ ಬಂದ. ದೇವರ ದಯೆ. ಆದ್ರೆ ಆ ನಲವತ್ತು ನಿಮಿಷ ಅವನ ತಾಯಿ ಮುಖ ನೋಡಿದವರು ಯಾರೂ ಮರೆಯಲ್ಲ.

ಮಾರನೇ ದಿನ ಆ ಕುರಿ ಅಜ್ಜ ಕಟ್ಟೆ ಮೇಲೆ ಕೂತು ಒಂದು ಮಾತು ಹೇಳಿದ. "ದಿನಾ ಸಂಜೆ ರೊಪ್ಪದ ಬಾಗಿಲಲ್ಲಿ ನಿಂತು ಒಂದೊಂದೇ ಕುರಿ ಎಣಿಸಿ ಒಳಗೆ ಬಿಡ್ತೀನಿ. ಒಂದು ಕಮ್ಮಿ ಆದ್ರೆ ಉಣ್ಣಲ್ಲ. ಮೇಯೋಕೆ ಹೋದ ಕುರಿ ಎಣಿಸ್ತೀವಿ, ಬೆಂಕಿಗೆ ಹೋದ ಮಕ್ಕಳನ್ನ ಎಣಿಸಲಿಲ್ಲವಲ್ಲಪ್ಪಾ."

ಈ ಮಾತಿಗೆ ಯಾರ ಹತ್ತಿರನೂ ಉತ್ತರ ಇರಲಿಲ್ಲ. ನಮ್ಮ ಸೀಮೆಯಲ್ಲಿ ದೇವರ ಎತ್ತುಗಳನ್ನ ಕಾಯೋ ಕಿಲಾರಿಗಳೂ ಹಂಗೇ. ಯಾವ ಎತ್ತು ಎಲ್ಲೈತೆ, ಯಾವುದಕ್ಕೆ ಕಾಲು ನೋವು, ಯಾವುದು ಇವತ್ತು ನಡೆಯಲ್ಲ, ಎಲ್ಲ ಬಾಯಲ್ಲೇ ಹೇಳ್ತಾರೆ. ಈ ಕಾವಲ್‌ಗಳು ಬೆಳೆದದ್ದೇ ಇಂಥ ಲೆಕ್ಕದ ಮೇಲೆ. ಮೈಸೂರು ಅರಸರ ಕಾಲದಲ್ಲಿ ಬೆಣ್ಣೆ ಚಾವಡಿ ಅಂತ ಇದ್ದದ್ದನ್ನ ಟಿಪ್ಪು ಸುಲ್ತಾನ್ ಅಮೃತ್ ಮಹಲ್ ಅಂತ ಕರೆದ. ಬೇಸಿಗೆಗೆ ಬೇರೆ ಕಾವಲ್, ಮಳೆಗಾಲಕ್ಕೆ ಬೇರೆ, ಚಳಿಗೆ ಬೇರೆ. ದಂಡು ಹೊರಟಾಗ ಫಿರಂಗಿ ಎಳೆಯೋ ಎತ್ತು ತಯಾರಿರಬೇಕು ಅಂತ ಮೇವಿನ ಜಾಗ ಕಾದಿಟ್ಟಿದ್ದರು. ತುರ್ತಿಗೆ ಬೇಕಾದದ್ದನ್ನ ಮೊದಲೇ ಎಣಿಸಿ, ಮೇಯಿಸಿ, ಒಂದು ಕಡೆ ನಿಲ್ಲಿಸಿರೋದು ಈ ನೆಲಕ್ಕೆ ಹೊಸದೇನಲ್ಲ.

ನನ್ನ ತಂಗಿ ಮಗ ಗೃಹರಕ್ಷಕ ದಳದಲ್ಲಿ ಇದ್ದಾನೆ. ಅವನ ಹತ್ತಿರ ಇದನ್ನೆಲ್ಲ ಹೇಳಿದಾಗ ಅವನು ಹೇಳಿದ, "ಮಾವ, ಇದು ನಮ್ಮ ಹಟ್ಟಿ ಕಥೆ ಒಂದೇ ಅಲ್ಲ, ಅಮೆರಿಕಾದಲ್ಲೂ ಹಿಂಗೇ ಆಗಿತ್ತು." 1970ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 13 ದಿನ ಬೆಂಕಿ ಉರಿದು 16 ಜನ ಸತ್ತರು, ಏಳುನೂರಕ್ಕೂ ಹೆಚ್ಚು ಕಟ್ಟಡ ಹೋದವು, 5 ಲಕ್ಷ ಎಕರೆಗೂ ಮೇಲೆ ಸುಟ್ಟಿತು. ಅವರಿಗೆ ಗಾಡಿಗೆ ಬಡತನವೇ? ಆದ್ರೆ ಒಂದು ಇಲಾಖೆ ಮಾತು ಇನ್ನೊಂದಕ್ಕೆ ತಿಳೀತಿರಲಿಲ್ಲ, ಯಾರ ಗಾಡಿ ಎಲ್ಲೈತೆ ಅಂತ ಒಂದೇ ಕಡೆ ಲೆಕ್ಕ ಇರಲಿಲ್ಲ. ಆಮೇಲೆ ಕೂತು ಒಂದು ಪದ್ಧತಿ ಮಾಡಿದರು. ನಮ್ಮ ದೇಶದಲ್ಲೂ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2010ರಲ್ಲಿ ಅದೇ ತರಹದ ಮಾರ್ಗಸೂಚಿ ತಂದಿದೆ. ಅದರಲ್ಲಿ ಜಿಲ್ಲೆ ಮಟ್ಟಕ್ಕೆ, ತಾಲೂಕು ಮಟ್ಟಕ್ಕೆ ತಂಡ ಇರುತ್ತೆ. ಹಟ್ಟಿ ಮಟ್ಟಕ್ಕೆ ಏನಿರಬೇಕು ಅಂತ ನಾವೇ ಯೋಚನೆ ಮಾಡಬೇಕು.

ಅವನು ಬಿಡಿಸಿ ಹೇಳಿದ್ದರಲ್ಲಿ ನನಗೆ ನಾಲ್ಕು ಮಾತು ಹಿಡಿಸಿದವು.

ಒಂದು, ಬಂದವರು ಸೀದಾ ಬೆಂಕಿಗೆ ನುಗ್ಗಬಾರದು. ಮೊದಲು ಒಂದು ಜಾಗಕ್ಕೆ ಬಂದು ಹೆಸರು ಹೇಳಿ ನಿಲ್ಲಬೇಕು, ಅಲ್ಲಿಂದ ಕಳಿಸಬೇಕು.

ಎರಡು, ಪ್ರತಿ ಗಾಡಿ, ಪ್ರತಿ ತಂಡ ಮೂರರಲ್ಲಿ ಒಂದು ಸ್ಥಿತಿಯಲ್ಲಿ ಇರುತ್ತೆ. ಕೆಲಸದಲ್ಲಿ ಐತೆ, ತಯಾರಾಗಿ ನಿಂತೈತೆ, ಇಲ್ಲ ಕೆಟ್ಟು ಅಥವಾ ಸುಸ್ತಾಗಿ ಹೊರಗೈತೆ. ನಾಲ್ಕನೆಯದು ಇಲ್ಲ. "ಎಲ್ಲೋ ಇರಬೇಕು" ಅನ್ನೋದು ಲೆಕ್ಕ ಅಲ್ಲ.

ಮೂರು, ಒಬ್ಬನ ಕೈ ಕೆಳಗೆ ಐದಾರು ಜನಕ್ಕಿಂತ ಜಾಸ್ತಿ ಇರಬಾರದು. ಹೊಗೆಯಲ್ಲಿ ಐದು ಜನನ ಕಣ್ಣಲ್ಲಿ ಇಟ್ಕೋಬಹುದು, ಇಪ್ಪತ್ತು ಜನನ ಆಗಲ್ಲ.

ನಾಲ್ಕು, ಒಬ್ಬರು ಕೈಗೆ ಗೋಣಿಚೀಲ ಹಿಡಿಯಲೇಬಾರದು. ಅವರ ಕೆಲಸ ಬರೆಯೋದು, ಕಳಿಸೋದು, ವಾಪಸ್ ಬಂದಾಗ ಎಣಿಸೋದು.

ಇದನ್ನ ಕಟ್ಟೆ ಮೇಲೆ ಹೇಳಿದಾಗ ನಕ್ಕರು. "ಬೆಂಕಿ ಬಿದ್ದಾಗ ಹಾಜರಿ ಪುಸ್ತಕ ಹಿಡ್ಕೊಂಡು ಕೂರೋಣವೇ?" ಅಂತ. ನಾನು ಯಲಹಂಕದ ವಿಷಯ ಹೇಳಿದೆ. 2019ರ ಫೆಬ್ರುವರಿ 23ರಂದು ಏರೋ ಇಂಡಿಯಾ ಪ್ರದರ್ಶನದ ಹೊತ್ತಿಗೆ ಪಾರ್ಕಿಂಗ್ ಮೈದಾನದ ಒಣ ಹುಲ್ಲಿಗೆ ಬೆಂಕಿ ಬಿದ್ದು ಸುಮಾರು 300 ಕಾರು ಸುಟ್ಟು ಹೋದವು. ಟಿವಿಯಲ್ಲಿ ಎಲ್ಲರೂ ನೋಡಿದ್ದೇ. ಬೆಂಗಳೂರು ಪಕ್ಕದಲ್ಲೇ ಗಾಡಿ, ನೀರು, ಜನ ಎಲ್ಲ ಇದ್ದು ಆದದ್ದು. ಬೆಂಕಿ ಮುಂದಕ್ಕೆ ಹೋಗದಂಗೆ ತಡೆಯೋಕೆ ಪಕ್ಕದ ಕಾರುಗಳನ್ನ ಅಲ್ಲಿಂದ ತೆಗೆದು ಜಾಗ ಖಾಲಿ ಮಾಡಿದರು. ಉರಿಯೋ ಕಾರಿನ ಆಸೆ ಬಿಟ್ಟು, ಉರಿಯದ ಕಾರಿನ ಕಡೆ ಕೈ ಹಾಕಬೇಕು. ಅದೇ ವಾರ ಬಂಡೀಪುರ ಕಾಡು ಹತ್ತಿಕೊಂಡಿತ್ತು. ವಾಯುಪಡೆ ಹೆಲಿಕಾಪ್ಟರ್ ನೀರು ಸುರಿಯೋಕೆ ಬಂದದ್ದು ಫೆಬ್ರುವರಿ 25ಕ್ಕೆ. ಅಲ್ಲಿ ತನಕ ನೆಲದ ಮೇಲೆ ಸಿಬ್ಬಂದಿ, ಸ್ವಯಂಸೇವಕರು ಹಸಿ ಸೊಪ್ಪು ಹಿಡಿದು ಬಡಿದಿದ್ದು. ಅಂದ್ರೆ ದೊಡ್ಡ ಕಾಡಿಗೂ ಸಣ್ಣ ಹಟ್ಟಿಗೂ ಮೊದಲ ಹತಾರ ಒಂದೇ. ಅದು ಯಾರ ಕೈಯಲ್ಲಿ, ಯಾವ ಕಡೆ ಅನ್ನೋದೇ ಮುಖ್ಯ.

ಕೊನೆಗೆ ಹಟ್ಟಿಯವರು ಒಪ್ಪಿದರು. ಏನು ಮಾಡಿದ್ವಿ ಅಂತ ಹೇಳ್ತೀನಿ.

ಸೇರೋ ಜಾಗ: ಹಟ್ಟಿ ಮುಂದಿನ ಕಣ. ಅಲ್ಲಿಂದ ಮೂರು ಕಡೆ ದಾರಿ ಐತೆ, ಗಾಡಿ ತಿರುಗಿಸೋಕೆ ಜಾಗ ಐತೆ. ಕಾವಲ್ ಸುತ್ತ ಈಗ ಗೋಡೆ, ಬೇಲಿ ಬಂದಿರೋದರಿಂದ ಎಷ್ಟೋ ಹಳೇ ಬಂಡಿ ಜಾಡು ಮುಂದಕ್ಕೆ ಹೋಗಲ್ಲ. ಯಾವ ದಾರಿ ಎಲ್ಲಿಗೆ ಮುಗಿಯುತ್ತೆ, ಯಾವುದರಲ್ಲಿ ಬೆಂಕಿ ಗಾಡಿ ಹಿಡಿಸುತ್ತೆ ಅಂತ ಒಂದು ದಿನ ನಡೆದು ನೋಡಿ ಬರೆದುಕೊಂಡ್ವಿ.

ಲೆಕ್ಕ ಬರೆಯೋರು: ಇದಕ್ಕೆ ಸ್ವಲ್ಪ ಜಗಳ ಆಯ್ತು. ಹಟ್ಟಿಯಲ್ಲಿ ಎರಡು ಪಕ್ಷ, ಒಬ್ಬರು ಹೇಳಿದ್ದನ್ನ ಇನ್ನೊಬ್ಬರು ಕೇಳಲ್ಲ. ಕೊನೆಗೆ ನಮ್ಮ ಅತ್ತಿಗೆ ಹೆಸರು ಬಂತು. ಮಹಿಳಾ ಸಂಘದ ಲೆಕ್ಕ ಹದಿನಾಲ್ಕು ವರ್ಷದಿಂದ ಅವರೇ ಬರೀತಾರೆ. ಯಾರ ಮನೆಯಲ್ಲಿ ಎಷ್ಟು ಜನ, ಯಾರು ಊರಲ್ಲಿದ್ದಾರೆ, ಯಾರು ಬೆಂಗಳೂರಿಗೆ ಹೋಗಿದ್ದಾರೆ ಎಲ್ಲ ಅವರಿಗೆ ಗೊತ್ತು. ಎರಡೂ ಪಕ್ಷದವರು ಅವರ ಹತ್ತಿರ ಸಾಲ ತಗೊಂಡವರೇ, ಎದುರು ಮಾತಾಡಲ್ಲ. ಅವರು ಇಲ್ಲದಾಗ ಅಂಗನವಾಡಿ ಟೀಚರ್.

ಚೀಟಿ: ಹಳೇ ಲಗ್ನಪತ್ರಿಕೆ ಕತ್ತರಿಸಿ ಒಂದೊಂದು ಟ್ರ್ಯಾಕ್ಟರಿಗೆ ಒಂದೊಂದು ಚೀಟಿ. ಮಾಲೀಕ ಯಾರು, ಓಡಿಸೋರು ಯಾರು, ಹಿಂದೆ ಏನು ಕಟ್ಟಬೇಕು ಎಲ್ಲ ಅದರ ಮೇಲೆ. ಐದು ಐದು ಜನದ ತಂಡಕ್ಕೆ ಒಂದು ಚೀಟಿ, ಮೇಲೆ ತಂಡದ ಮೇಸ್ತ್ರಿ ಹೆಸರು. ಮೂರು ಬಟ್ಟೆ ಚೀಲ: ತಯಾರು, ಕೆಲಸದಲ್ಲಿ, ಹೊರಗೆ. ಗಾಡಿ ಹೊರಟರೆ ಚೀಟಿ ಒಂದು ಚೀಲದಿಂದ ಇನ್ನೊಂದಕ್ಕೆ. ಓದು ಬರಹ ಕಮ್ಮಿ ಇದ್ದವರಿಗೂ ತಿಳಿಯುತ್ತೆ.

ಗಾಡಿ ಹೋಗೋ ಸಾಲು: ಮೊದಲು ಕಲ್ಟಿವೇಟರ್ ಕಟ್ಟಿದ ಎರಡು ಗಾಡಿ, ಆಮೇಲೆ ಒಂದು ಟ್ಯಾಂಕರ್. ಉಳಿದವು ಕಣದಲ್ಲೇ. ಕರೆಯೋ ತನಕ ಒಂದು ಚಕ್ರನೂ ಜಾಡಿಗೆ ಇಳಿಯಬಾರದು. ಮಾರ್ಚಿಯಿಂದ ಮುಂಗಾರು ತನಕ ಎರಡು ಗಾಡಿಗೆ ಕಲ್ಟಿವೇಟರ್ ಬಿಚ್ಚಂಗಿಲ್ಲ, ಒಂದು ಟ್ಯಾಂಕರ್ ರಾತ್ರಿ ತುಂಬಿಯೇ ನಿಂತಿರಬೇಕು. ವಾರದ ಸರದಿ ಹಾಕಿದ್ವಿ.

ನೀರು: ಇಲ್ಲಿ ಲೆಕ್ಕ ನೋಡಿ. ನಮ್ಮ ಬೋರ್‌ವೆಲ್‌ನಲ್ಲಿ 4,000 ಲೀಟರ್ ತುಂಬೋಕೆ 40 ನಿಮಿಷ ಬೇಕು, ಅದೂ ತ್ರೀ ಫೇಸ್ ಕರೆಂಟ್ ಇದ್ರೆ. ದೊಡ್ಡ ವಾಲ್ವ್ ಬಿಟ್ಟರೆ ಹತ್ತು ನಿಮಿಷಕ್ಕೆ ಖಾಲಿ. ಅದೇ ಟ್ಯಾಂಕರಿಗೆ ಪವರ್ ಸ್ಪ್ರೇಯರ್ ಕಟ್ಟಿದ್ರೆ ನಿಮಿಷಕ್ಕೆ ಸುಮಾರು 25 ಲೀಟರ್ ಎಳೆಯುತ್ತೆ. 4,000 ಲೀಟರ್ ಎರಡೂವರೆ ಗಂಟೆ ಬರುತ್ತೆ. ಒಂದು ಟ್ಯಾಂಕರ್ ಖಾಲಿಯಾಗೋದರಲ್ಲಿ ಇನ್ನೊಂದು ತುಂಬಿ ಬಂದಿರುತ್ತೆ. ಬಣವೆಯ ಒಳಗಿನ ಕೆಂಡ ಮೇಲಿಂದ ನೀರು ಹಾಕಿದ್ರೆ ಆರಲ್ಲ, ಜೆಸಿಬಿಯಲ್ಲಿ ಎಳೆದು ಹರವಬೇಕು. ಹಂಗಾಗಿ ಹತ್ತಿಕೊಂಡ ಬಣವೆಗೆ ನೀರು ಇಲ್ಲ. ಹತ್ತದ ಬಣವೆ, ರೊಪ್ಪ, ಮನೆ, ಇವುಗಳನ್ನ ನೆನೆಸೋಕೆ ನೀರು. ಹುಲ್ಲಿನ ಬೆಂಕಿ ಬಡಿಯೋರಿಗೆ ಒದ್ದೆ ಕಂಬಳಿ, ಒದ್ದೆ ಗೋಣಿಚೀಲ. ಉಣ್ಣೆ ಬೇಗ ಹತ್ತಲ್ಲ. ಬಡಿಯೋರು ಪಕ್ಕದಿಂದ ಬರಬೇಕು, ಬೆಂಕಿಗೆ ಎದುರು ನಿಲ್ಲಬಾರದು. ನೈಲಾನ್ ಪ್ಯಾಂಟು, ಬರಿಗಾಲು ಇದ್ದವರಿಗೆ ಕಣದಲ್ಲೇ ಕೆಲಸ.

ನೋಡೋಕೆ ಬರೋರು: ಇದೂ ಒಂದು ತಲೆನೋವು. ಚಳ್ಳಕೆರೆ ತಾಲೂಕಿನಲ್ಲಿ ಡಿಆರ್‌ಡಿಒ ಪರೀಕ್ಷಾ ಕೇಂದ್ರ 2017ರಲ್ಲಿ ಉದ್ಘಾಟನೆ ಆಯ್ತಲ್ಲ, ಅಲ್ಲಿ ಹಾರಿಸ್ತಿದ್ದ ರುಸ್ತುಂ-2 ಅನ್ನೋ ಪೈಲಟ್ ಇಲ್ಲದ ವಿಮಾನ 2019ರ ಸೆಪ್ಟೆಂಬರ್ 17ರಂದು ಜೋಡಿ ಚಿಕ್ಕೇನಹಳ್ಳಿ ಹತ್ತಿರ ತೋಟದಲ್ಲಿ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಆದ್ರೆ ಫೋಟೋ ತೆಗೆಯೋಕೆ ಸುತ್ತ ಸೇರಿದ ಜನನ ಎಲ್ಲರೂ ಮೊಬೈಲಲ್ಲಿ ನೋಡಿದ್ವಿ. ಏನು ಬಿದ್ದರೂ, ಏನು ಉರಿದರೂ ನಮ್ಮ ಜನಕ್ಕೆ ಹತ್ತಿರ ಹೋಗಬೇಕು. ಬೈದರೆ ಹೋಗಲ್ಲ, ಕೆಲಸ ಕೊಟ್ಟರೆ ಹೋಗ್ತಾರೆ. ಬೈಕ್ ಇದ್ದ ಹುಡುಗರನ್ನ ಟಾರ್ ರಸ್ತೆ ತಿರುವಿಗೆ ಕಳಿಸ್ತೀವಿ, ಬೆಂಕಿ ಗಾಡಿಗೆ ದಾರಿ ತೋರಿಸೋಕೆ. ಹೆಂಗಸರು, ವಯಸ್ಸಾದವರು ಕಣದಲ್ಲಿ ಕುಡಿಯೋ ನೀರು, ಗೋಣಿ ನೆನೆಸೋದು.

ಈ ವರ್ಷ ಅದನ್ನ ಪರೀಕ್ಷೆ ಮಾಡೋ ದಿನ ಬಂದೇ ಬಂತು. ಶಿವರಾತ್ರಿ ಕಳೆದ ಮೂರನೇ ದಿನ, ಮಧ್ಯಾಹ್ನ ಎರಡೂವರೆ. ತೆಂಕಲ ಕಡೆ ಬೀಳು ಹೊಲದಲ್ಲಿ ಹೊಗೆ.

ಎಲ್ಲ ಪುಸ್ತಕದಲ್ಲಿ ಬರೆದಂಗೆ ನಡೀತು ಅಂತ ಹೇಳಲ್ಲ. ಮೊದಲ ಐದು ನಿಮಿಷ ಕೂಗಾಟವೇ. ನಾಲ್ಕೈದು ಜನ ಕಣಕ್ಕೆ ಬರದೆ ಅಡ್ಡದಾರಿಯಲ್ಲಿ ಓಡಿದರು. ಅತ್ತಿಗೆ ಒಬ್ಬ ಹುಡುಗನ್ನ ಅಟ್ಟಿ ಅವರ ಹೆಸರು ಬರೆಸಿಕೊಂಡರು. ಕಲ್ಟಿವೇಟರ್ ಗಾಡಿ ಎರಡೂ ಮೊದಲು ಹೋಗಿ ಬಣವೆ ಸಾಲಿನ ಈಚೆ ನಾಲ್ಕು ಸಾಲು ನೆಲ ಉತ್ತವು. ಟ್ಯಾಂಕರ್ ಹಿಂದೆ ಸ್ಪ್ರೇಯರ್ ಪೈಪು ಬಿಡಿಸೋದರಲ್ಲಿ ಒಂದು ಬಣವೆ ಹತ್ತಿತು, ಅದರ ಪಕ್ಕದ್ದೂ ಹತ್ತಿತು. ಅವೆರಡನ್ನ ಬಿಟ್ಟೆವು. ಬಿಡೋದು ಸುಲಭ ಅಲ್ಲ ಸ್ವಾಮಿ, ಒಂದರ ಮಾಲೀಕ ಅಲ್ಲೇ ನಿಂತು ಅಳ್ತಿದ್ದ. ಆದ್ರೆ ಉಳಿದ ಒಂಬತ್ತು ಬಣವೆ ಉಳಿದವು, ರೊಪ್ಪ ಉಳಿಯಿತು. ಪೇಟೆಯಿಂದ ಬೆಂಕಿ ಗಾಡಿ ಬಂದಾಗ ತಿರುವಿನಲ್ಲಿ ಹುಡುಗರು ನಿಂತಿದ್ದರು, ಜಾಡು ಖಾಲಿ ಇತ್ತು, ಸೀದಾ ಒಳಗೆ ಬಂತು. ಬಂದ ಸಿಬ್ಬಂದಿ ಕೇಳಿದ ಮೊದಲ ಪ್ರಶ್ನೆ, "ಒಳಗೆ ಎಷ್ಟು ಜನ ಇದ್ದಾರೆ?" ಅತ್ತಿಗೆ ಚೀಲ ನೋಡಿ ಹೇಳಿದರು, "ನಾಲ್ಕು ತಂಡ, ಇಪ್ಪತ್ತು ಜನ, ಎರಡು ಗಾಡಿ." ಅವರು ಒಂದು ಗಳಿಗೆ ಅತ್ತಿಗೆ ಮುಖ ನೋಡಿ, ಆಮೇಲೆ ಕೆಲಸಕ್ಕೆ ಇಳಿದರು.

ಮುಗಿದ ಮೇಲೆ ಎಣಿಕೆ. ಪುಸ್ತಕದಲ್ಲಿ 43 ಹೆಸರು, ಕಣದಲ್ಲಿ 42 ಜನ. ಯಾರೂ ಮನೆಗೆ ಹೋಗಂಗಿಲ್ಲ ಅಂದರು ಅತ್ತಿಗೆ. ಐದು ನಿಮಿಷದಲ್ಲಿ ಗೊತ್ತಾಯ್ತು, ಆ ಒಬ್ಬ ಯಾರಿಗೂ ಹೇಳದೆ ಎಮ್ಮೆ ಹಾಲು ಕರೆಯೋಕೆ ಮನೆಗೆ ಹೋಗಿದ್ದ. ಅವನಿಗೆ ಸಿಕ್ಕ ಬೈಗುಳ ಇಲ್ಲಿ ಬರೆಯಂಗಿಲ್ಲ. ಆದ್ರೆ ಹೋದ ವರ್ಷ ನಲವತ್ತು ನಿಮಿಷ ಬೇಕಾದ ಉತ್ತರ ಈ ಸಲ ಐದು ನಿಮಿಷಕ್ಕೆ ಸಿಕ್ಕಿತು.

ಇನ್ನೊಂದು ಉಪಯೋಗ. ಯಾವ ಗಾಡಿ ಎಷ್ಟು ಹೊತ್ತು ಓಡಿತು ಅಂತ ಬರೆದಿದ್ದರಿಂದ ಡೀಸೆಲ್ ದುಡ್ಡು ಮನೆಗಿಷ್ಟು ಅಂತ ಎತ್ತಿ ಕೊಟ್ಟೆವು. ಮುಂದಿನ ಸಲ ಕರೆದರೆ ಗಾಡಿಯವರು ಹಿಂದೆ ಮುಂದೆ ನೋಡಲ್ಲ. ಮಹಜರಿಗೆ ಬಂದಾಗಲೂ ಯಾವ ಹೊತ್ತಿಗೆ ಏನಾಯ್ತು ಅಂತ ಹೇಳೋಕೆ ಕೈಯಲ್ಲಿ ಬರಹ ಇತ್ತು.

ಇಷ್ಟಕ್ಕೆ ಖರ್ಚು ಎಷ್ಟು ಅಂತೀರಾ? ಒಂದು ನೋಟ್‌ಬುಕ್, ಒಂದು ಪೆನ್ನು, ಹಳೇ ಲಗ್ನಪತ್ರಿಕೆ, ಮೂರು ಚೀಲ. ನಿಮ್ಮ ಊರಿನಲ್ಲಿ ಈ ವಾರವೇ ಒಂದು ಸಂಜೆ ಕೂತು ಮೂರು ಹೆಸರು ಬರೆಯಿರಿ: ಸೇರೋ ಜಾಗ ಯಾವುದು, ಲೆಕ್ಕ ಯಾರು ಬರೀತಾರೆ, ಮೊದಲು ಹೊರಡೋ ಗಾಡಿ ಯಾವುದು. ಬೆಂಕಿ ಕಂಡ ಕೂಡಲೇ 112ಕ್ಕೆ ಫೋನ್ ಮಾಡಿ, ಆಮೇಲೆ ಓಡಿ. ಬಣವೆ ಬಣವೆ ಮಧ್ಯೆ ಟ್ರ್ಯಾಕ್ಟರ್ ತಿರುಗೋವಷ್ಟು ಜಾಗ ಬಿಡಿ, ಸುತ್ತ ಎರಡು ಸಾಲು ಉತ್ತು ಬಿಡಿ.

ನಮ್ಮ ಹಟ್ಟಿಯಲ್ಲಿ ಮುಂದಿನ ಸೋಮವಾರದಿಂದ ಟ್ಯಾಂಕರ್ ಸರದಿ ನನ್ನದು. ಕರೆಂಟ್ ರಾತ್ರಿ ಪಾಳಿ ಅಂತೆ, ಎರಡು ಗಂಟೆಗೆ ಎದ್ದು ತುಂಬಿಸಬೇಕು.